ಗಾಳಿ ಇಲ್ಲದ ಅಂಗಳದಲ್ಲಿ ಜೋಡಿಯಾಟ

ಯಲಬುರ್ಗಾ, ಕುಕನೂರು ಕಡೆಯ ಎರೆಹೊಲಗಳ ನಡುವೆ ಈಗ ಸಾಲು ಸಾಲು ಗಾಳಿಯಂತ್ರಗಳು ನಿಂತಿವೆ. ಆ ಯಂತ್ರಗಳು ಬರುವುದಕ್ಕೆ ಎಷ್ಟೋ ಮೊದಲೇ ಈ ಸೀಮೆಯ ಜನಕ್ಕೆ ಗಾಳಿಯ ಗುಣ ಗೊತ್ತು. ಕಣದಲ್ಲಿ ರಾಶಿ ತೂರುವಾಗ ಅದು ಬೇಕು. ಆಷಾಢದಲ್ಲಿ ಹೊಸ್ತಿಲು ದಾಟಿ ಧೂಳು ಸುರಿಯುವಾಗ ಬೇಡ. ಆಟದ ಬಯಲಿನಲ್ಲಂತೂ ಬೇಡವೇ ಬೇಡ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಶಾಲಾ ಮೈದಾನಗಳಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿ ಬೆಳೆದವರನ್ನು ಕೇಳಿ ನೋಡಿ: ನೆಟ್ಟಗೆ ಹೋಗಬೇಕಾದ ಉಣ್ಣೆಯ ಚೆಂಡು ಗಾಳಿಗೆ ಸಿಕ್ಕು ಗೆರೆಯಾಚೆ ಬಿದ್ದ ಕಥೆ ಒಂದಾದರೂ ಅವರ ಬಳಿ ಇರುತ್ತದೆ. ಶಟಲ್ ಆಡುವವರ ಪಾಡು ಇನ್ನೂ ಕಷ್ಟ. ಸಂಜೆ ಗಾಳಿ ಎದ್ದಿತೆಂದರೆ ನೆಟ್ ಸುತ್ತಿಕೊಂಡು ಮನೆಗೆ ಹೋಗುವುದೇ ಸರಿ.

ಲಾನ್ ಟೆನಿಸ್ ಈ ಊರುಗಳಿಗೆ ಅಷ್ಟೇನೂ ಬಳಕೆಯ ಆಟವಲ್ಲ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಈ ನಾಲ್ಕು ತಾಲ್ಲೂಕುಗಳು ಕೊಪ್ಪಳ ಜಿಲ್ಲೆಯಾದವು. ಅದರ ಹಿಂದಿನ ವರ್ಷವಷ್ಟೇ ಲಿಯಾಂಡರ್ ಪೇಸ್ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಿದ್ದರು. ಆಗ ಇಲ್ಲಿನವರಿಗೆ ಟೆನಿಸ್ ಎಂದರೆ ಟಿ.ವಿ.ಯಲ್ಲಿ ನೋಡುವ, ಪತ್ರಿಕೆಯ ಕ್ರೀಡಾಪುಟದಲ್ಲಿ ಓದುವ ಆಟ. ಹೆಚ್ಚುಕಡಿಮೆ ಈಗಲೂ ಹಾಗೆಯೇ. ಆದರೂ ಇಲ್ಲಿನವರಿಗೆ ಸುಲಭವಾಗಿ ಅರ್ಥವಾಗುವ ಒಂದು ಬಗೆಯ ಟೆನಿಸ್ ಇದೆ. ಗಾಳಿಯನ್ನು ಹೊರಗೆ ನಿಲ್ಲಿಸಿ, ಸೂರಿನ ಕೆಳಗೆ, ಇಬ್ಬರ ಎದುರು ಇಬ್ಬರು ಆಡುವ ಟೆನಿಸ್. ಅಂಥ ಪಂದ್ಯಾವಳಿಗಳಲ್ಲಿ ಹೆಸರಾದದ್ದು ಪ್ಯಾರಿಸ್ ಮಾಸ್ಟರ್ಸ್. ಕೊಡಗಿನ ರೋಹನ್ ಬೋಪಣ್ಣ ಅದರ ಡಬಲ್ಸ್ ಪ್ರಶಸ್ತಿಯನ್ನು ಎರಡು ಸಲ ಗೆದ್ದರು. ಒಂದು ಸಲ ಫೈನಲ್‌ನಲ್ಲಿ ಸೋತರು. ಕೊನೆಗೆ 2025ರಲ್ಲಿ ಅದೇ ಪಂದ್ಯಾವಳಿಯಲ್ಲಿ ತಮ್ಮ ಕಡೆಯ ಪಂದ್ಯವನ್ನೂ ಆಡಿದರು.

ಪ್ಯಾರಿಸ್ ಎಂದೊಡನೆ ಟೆನಿಸ್ ಬಲ್ಲವರಿಗೆ ನೆನಪಾಗುವುದು ರೋಲ್ಯಾಂಡ್ ಗ್ಯಾರೋಸ್‌ನ ಕೆಂಪು ಮಣ್ಣು, ಬೇಸಿಗೆಯ ಫ್ರೆಂಚ್ ಓಪನ್. ಇದು ಬೇರೆ. ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲಿಗೋ, ಊರಿಗೆ ಚಳಿ ಇಳಿದ ಮೇಲೆ ನಡೆಯುವ ಪಂದ್ಯಾವಳಿ. 1986ರಿಂದ 2024ರವರೆಗೆ ಇದು ನಡೆದದ್ದು ಬೆರ್ಸಿ ಎಂಬಲ್ಲಿನ ಒಳಾಂಗಣ ಕ್ರೀಡಾಂಗಣದಲ್ಲಿ. ಹೊರಗೋಡೆಗಳು ಇಳಿಜಾರಾಗಿದ್ದು, ಅವುಗಳ ಮೇಲೆಲ್ಲ ಹುಲ್ಲು ಬೆಳೆಸಿದ ವಿಚಿತ್ರ ಕಟ್ಟಡ ಅದು. ಒಂದು ವಾರ ಸಂಗೀತ ಕಛೇರಿ, ಇನ್ನೊಂದು ವಾರ ಟೆನಿಸ್. ಮೊದಲು ಅಲ್ಲಿ ಕಾರ್ಪೆಟ್ ಹಾಸಿ ಆಡಿಸುತ್ತಿದ್ದರು. 2007ರಿಂದ ಗಟ್ಟಿ ಅಂಕಣ ಬಂತು. ವರ್ಷಕ್ಕೆ ಒಂಬತ್ತು ‘ಮಾಸ್ಟರ್ಸ್ 1000’ ಪಂದ್ಯಾವಳಿಗಳು. ಗ್ರ್ಯಾನ್ ಸ್ಲಾಮ್‌ಗಳು ಮತ್ತು ವರ್ಷಾಂತ್ಯದ ಫೈನಲ್ಸ್ ಬಿಟ್ಟರೆ ಆಟಗಾರರಿಗೆ ಮುಖ್ಯವಾದವು ಇವೇ. ಬೋಪಣ್ಣ ಅಲ್ಲಿ ಗೆದ್ದ ಕಾಲದಲ್ಲಿ ಒಂಬತ್ತರಲ್ಲಿ ಒಳಾಂಗಣದ್ದು ಎಂದು ಇದ್ದದ್ದು ಪ್ಯಾರಿಸ್ ಒಂದೇ.

ಸೂರಿನ ಕೆಳಗೆ ಆಟ ಬದಲಾಗುತ್ತದೆ. ಹೊರಗೆ ಸರ್ವ್ ಮಾಡುವವನು ಚೆಂಡನ್ನು ಮೇಲಕ್ಕೆ ಎಸೆದಾಗ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಗಾಳಿ ಚೆಂಡನ್ನು ನಾಲ್ಕು ಬೆರಳಷ್ಟು ಸರಿಸಿದರೂ ಸಾಕು, ರ‍್ಯಾಕೆಟ್‌ನ ನಡುವಿಗೆ ಬರಬೇಕಾದದ್ದು ಅಂಚಿಗೆ ತಾಗುತ್ತದೆ. ಒಳಗೆ ಈ ತಂಟೆಗಳಿಲ್ಲ. ಎಸೆದ ಕಡೆಗೇ ಚೆಂಡು ಏರುತ್ತದೆ, ಏರಿದ ಕಡೆಯಿಂದಲೇ ಇಳಿಯುತ್ತದೆ. ಆದ್ದರಿಂದ ಒಳಾಂಗಣದಲ್ಲಿ ಸರ್ವ್ ಮಾಡುವವನದೇ ರಾಜ್ಯ. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಹೊರಟ ಚೆಂಡು 78 ಅಡಿ ಉದ್ದದ ಅಂಕಣದ ಆ ತುದಿಗೆ ತಲುಪಲು ಅರ್ಧ ಸೆಕೆಂಡಿನಷ್ಟು ಹೊತ್ತು ಸಾಕು. ಎದುರಿಗೆ ನಿಂತವನು ಅಷ್ಟರಲ್ಲೇ ಎಲ್ಲ ನಿರ್ಧರಿಸಬೇಕು. ಇಬ್ಬರೂ ಜೋಡಿಗಳು ತಮ್ಮ ತಮ್ಮ ಸರ್ವ್ ಉಳಿಸಿಕೊಳ್ಳುತ್ತ ಹೋಗುತ್ತಾರೆ. ಮುಕ್ಕಾಲು ಗಂಟೆ ಏನೂ ನಡೆಯಲೇ ಇಲ್ಲ ಎನ್ನಿಸುತ್ತದೆ. ಆಮೇಲೆ ಒಂದೇ ಒಂದು ರಿಟರ್ನ್, ಒಂದೇ ಒಂದು ತಪ್ಪು ಹೆಜ್ಜೆ, ಸೆಟ್ ಕೈಬಿಟ್ಟು ಹೋಗಿರುತ್ತದೆ.

ಡಬಲ್ಸ್‌ಗೆ ಬಂದರೆ ಅಂಕಣ ಅಗಲವಾಗುತ್ತದೆ. ಸಿಂಗಲ್ಸ್‌ಗೆ 27 ಅಡಿ ಅಗಲ ಇದ್ದದ್ದು ಡಬಲ್ಸ್‌ಗೆ 36 ಅಡಿ. ಆದರೆ ಇಬ್ಬರು ಆಡುವುದರಿಂದ ಒಬ್ಬೊಬ್ಬರ ಪಾಲಿಗೆ ಬರುವ ಜಾಗ ಕಡಿಮೆಯೇ. ಹೀಗಾಗಿ ಇಲ್ಲಿ ಓಟಕ್ಕಿಂತ ಜಾಗ ಹಿಡಿಯುವುದು ಮುಖ್ಯ. ಸರ್ವ್ ಮಾಡುವವನ ಜೊತೆಗಾರ ನೆಟ್ ಬಳಿ ಬಗ್ಗಿ ನಿಂತು, ಬೆನ್ನ ಹಿಂದೆ ಬೆರಳುಗಳಿಂದ ಸನ್ನೆ ಮಾಡುತ್ತಾನೆ. ಸರ್ವ್ ಎಲ್ಲಿಗೆ ಬೀಳಬೇಕು, ತಾನು ಅಡ್ಡ ಹಾಯುತ್ತೇನೋ ಇದ್ದಲ್ಲೇ ಇರುತ್ತೇನೋ ಎಂಬ ಸೂಚನೆ ಅದು. ಎದುರಾಳಿಗೆ ಅದು ಕಾಣದು. ಹಿಂದಿನವನು ಹೇಳಿದ ಕಡೆಗೇ ಚೆಂಡು ಹಾಕದಿದ್ದರೆ ಮುಂದಿನವನ ಮುಖಕ್ಕೇ ಪೆಟ್ಟು!

ಇದನ್ನು ಕುಷ್ಟಗಿಯ ರೈತನಿಗೆ ಹೇಳಿಕೊಡಬೇಕಿಲ್ಲ. ಕೂರಿಗೆ ಹೂಡುವಾಗ ಯಾವ ಎತ್ತು ಎಡಕ್ಕೆ, ಯಾವುದು ಬಲಕ್ಕೆ ಎಂಬುದು ಅವನಿಗೆ ಗೊತ್ತು. ಬಲಕ್ಕೆ ರೂಢಿಯಾದದ್ದನ್ನು ಎಡಕ್ಕೆ ಕಟ್ಟಿದರೆ ಸಾಲು ಸೊಟ್ಟಗಾಗುತ್ತದೆ. ಒಂದು ಚುರುಕು, ಒಂದು ನಿಧಾನವಾದರೂ ಅಷ್ಟೇ. ಡಬಲ್ಸ್‌ನಲ್ಲೂ ಒಬ್ಬ ಬಲಬದಿಯಿಂದ, ಒಬ್ಬ ಎಡಬದಿಯಿಂದ ರಿಟರ್ನ್ ಮಾಡುತ್ತಾನೆ. ಒಂದು ಸೆಟ್ ಶುರುವಾದ ಮೇಲೆ ಮುಗಿಯುವವರೆಗೂ ಅದನ್ನು ಬದಲಿಸುವಂತಿಲ್ಲ. ಸಂತೆಯಲ್ಲಿ ಒಳ್ಳೆಯ ಎರಡು ಎತ್ತು ಕೊಂಡು ತಂದರೆ ಒಳ್ಳೆಯ ಜೋಡಿ ಆಯಿತೆಂದಲ್ಲ ಎನ್ನುವುದು ಟೆನಿಸ್ ಜಗತ್ತಿಗೂ ಅನುಭವದಿಂದಲೇ ತಿಳಿದ ಮಾತು.

ಇನ್ನು ಲೆಕ್ಕದ ವಿಷಯ. 2006ರಿಂದ ಎಟಿಪಿ ಪಂದ್ಯಾವಳಿಗಳ ಡಬಲ್ಸ್‌ನಲ್ಲಿ ನಿಯಮ ಬದಲಾಗಿದೆ. ಗೇಮ್ ‘ಡ್ಯೂಸ್’ಗೆ ಬಂದರೆ ಮುಂಚಿನಂತೆ ಎರಡು ಪಾಯಿಂಟ್ ಮುಂದೆ ಹೋಗುವವರೆಗೆ ಕಾಯುವುದಿಲ್ಲ. ಮುಂದಿನ ಪಾಯಿಂಟ್ ಯಾರದೋ ಗೇಮ್ ಅವರದು. ಆ ಪಾಯಿಂಟ್‌ಗೆ ಯಾರು ರಿಟರ್ನ್ ಮಾಡಬೇಕೆಂದು ಆರಿಸುವ ಹಕ್ಕು ಮಾತ್ರ ಎದುರು ಜೋಡಿಗೆ. ಎರಡು ಸೆಟ್ ಸಮವಾದರೆ ಮೂರನೆಯ ಸೆಟ್ ಇಲ್ಲ, ಹತ್ತು ಪಾಯಿಂಟ್‌ಗಳ ಟೈಬ್ರೇಕರ್. ಟಿ.ವಿ.ಯವರಿಗೆ, ಸಂಘಟಕರಿಗೆ ಇದರಿಂದ ಅನುಕೂಲವಾಯಿತು. ಆಡುವವರ ಪಾಲಿಗೆ ಮಾತ್ರ ಇದು ಕತ್ತಿಯ ಅಲಗಿನ ಮೇಲಿನ ನಡಿಗೆ. ವರ್ಷದ ದುಡಿಮೆ ಒಂದು ಪಾಯಿಂಟ್‌ನಲ್ಲಿ ಹೋಗಬಹುದು. ಬೋಪಣ್ಣ ಅವರ ಪ್ಯಾರಿಸ್ ಕಥೆಯಲ್ಲಿ ಹೋದದ್ದೂ ಉಂಟು.

ರೋಹನ್ ಬೋಪಣ್ಣ ಹುಟ್ಟಿದ್ದು 1980ರ ಮಾರ್ಚ್ 4ರಂದು. ಬೆಳೆದದ್ದು ಕೊಡಗಿನಲ್ಲಿ, ಅಪ್ಪನ ಕಾಫಿ ತೋಟದ ಮಗ್ಗುಲಲ್ಲಿ. ಹಾಕಿಯ ನಾಡು ಅದು. ಹುಡುಗನಿಗೂ ಹಾಕಿ, ಫುಟ್‌ಬಾಲ್ ಎಂದರೆ ಇಷ್ಟವಿತ್ತು. ಆದರೆ ಮಗ ಯಾರನ್ನೂ ನೆಚ್ಚದೆ ಒಬ್ಬನೇ ಆಡುವ ಆಟ ಕಲಿಯಲಿ ಎಂದು ತಂದೆ ಬಯಸಿದರು. ಹನ್ನೊಂದನೆಯ ವಯಸ್ಸಿಗೆ ಕೈಗೆ ಟೆನಿಸ್ ರ‍್ಯಾಕೆಟ್ ಬಂತು. ವಿಧಿಯ ತಮಾಷೆ ನೋಡಿ, ಒಬ್ಬನೇ ಆಡಲೆಂದು ಕಲಿಸಿದ ಆಟದಲ್ಲಿ ಮಗ ಹೆಸರು ಮಾಡಿದ್ದು ಇನ್ನೊಬ್ಬರ ಜೊತೆ ಸೇರಿ!

ಸರ್ವ್‌ಗೆ ಬೇಕಾದ ತೋಳ್ಬಲ ಬರಲೆಂದು ಸೌದೆ ಒಡೆದದ್ದು, ಉಸಿರು ಗಟ್ಟಿಯಾಗಲೆಂದು ಕಾಫಿ ತೋಟಗಳ ನಡುವೆ ಓಡಿದ್ದು, ಇವನ್ನೆಲ್ಲ ಅವರೇ ನೆನಪಿಸಿಕೊಂಡಿದ್ದಾರೆ. ಆ ತೋಳಿನಿಂದ ಹೊರಟ ಸರ್ವ್ ಕೊನೆಯವರೆಗೂ ಅವರ ಕೈ ಹಿಡಿಯಿತು. ಆರಡಿ ಮೀರಿದ ಎತ್ತರ, ನೇರವಾದ ಎಸೆತ, ಹೆಚ್ಚು ಕುಣಿತವಿಲ್ಲದ ಹೊಡೆತ. ಆದರೂ ಸಿಂಗಲ್ಸ್‌ನಲ್ಲಿ ಅವರು ಏರಿದ ಅತಿ ಎತ್ತರದ ಮೆಟ್ಟಿಲು 213ನೇ ರ‍್ಯಾಂಕ್, ಅದೂ 2007ರಲ್ಲಿ. ಸಿಂಗಲ್ಸ್ ಬಾರದವರೆಂದು ಮಾತ್ರ ಹೇಳುವಂತಿಲ್ಲ. 2010ರ ಸೆಪ್ಟೆಂಬರ್‌ನಲ್ಲಿ ಚೆನ್ನೈಯಲ್ಲಿ ಬ್ರೆಜಿಲ್ ವಿರುದ್ಧದ ಡೇವಿಸ್ ಕಪ್ ಹಣಾಹಣಿಯಲ್ಲಿ ಭಾರತ 0-2 ಹಿಂದಿತ್ತು. ಅಲ್ಲಿಂದ 2-2ಕ್ಕೆ ತಂದ ಮೇಲೆ ಐದನೆಯ, ನಿರ್ಣಾಯಕ ಸಿಂಗಲ್ಸ್ ಆಡಿ ರಿಕಾರ್ಡೊ ಮೆಲೊ ಅವರನ್ನು ಮಣಿಸಿದವರು ಬೋಪಣ್ಣ. ಆದರೆ ವಾರ ವಾರವೂ ಒಬ್ಬನೇ ಊರೂರು ಅಲೆದು, ಅರ್ಹತಾ ಸುತ್ತು ಆಡಿ ಹೊಟ್ಟೆ ಹೊರೆಯುವ ಬದುಕು ಬೇರೆ. ಅಂಥ ಬದುಕಿನಲ್ಲಿ ಇದ್ದವರಿಗೆ ಡಬಲ್ಸ್ ಎನ್ನುವುದು ಎರಡನೆಯ ಬಾಗಿಲು. ಜಗತ್ತು ಕೂಡ ಅದನ್ನು ಎರಡನೆಯ ದರ್ಜೆಯದೆಂದೇ ನೋಡುತ್ತದೆ. ಸಿಂಗಲ್ಸ್ ಮುಗಿದು ಜನ ಎದ್ದು ಹೊರಟ ಮೇಲೆ ಖಾಲಿ ಕುರ್ಚಿಗಳ ಮುಂದೆ ಆಡಬೇಕಾದ ಸಂದರ್ಭಗಳು ಡಬಲ್ಸ್ ಆಟಗಾರರಿಗೆ ಹೊಸದಲ್ಲ.

ಜನರ ಕಣ್ಣು ಅವರ ಕಡೆ ತಿರುಗಿದ್ದು ಪಾಕಿಸ್ತಾನದ ಐಸಾಮುಲ್ ಹಕ್ ಖುರೇಷಿ ಜೊತೆಗಾರರಾದ ಮೇಲೆ. ಇಬ್ಬರೂ ಒಂದೇ ವಯಸ್ಸಿನವರು. ‘ಇಂಡೋ-ಪಾಕ್ ಎಕ್ಸ್‌ಪ್ರೆಸ್’ ಎಂದು ಪತ್ರಿಕೆಗಳು ಹೆಸರಿಟ್ಟವು. ಯುದ್ಧ ಬಿಡಿ, ಟೆನಿಸ್ ಆಡಿ ಎಂಬ ಅರ್ಥದ ಬರಹವಿದ್ದ ಅಂಗಿ ತೊಟ್ಟು ಅವರು ಅಂಕಣಕ್ಕೆ ಬರುತ್ತಿದ್ದರು. 2010ರ ಅಮೆರಿಕ ಓಪನ್ ಫೈನಲ್‌ನಲ್ಲಿ ಬ್ರಯಾನ್ ಸೋದರರ ಎದುರು ಎರಡೂ ಸೆಟ್ ಟೈಬ್ರೇಕರ್‌ನಲ್ಲಿ ಸೋತರು. ಆ ದಿನ ವಿಶ್ವಸಂಸ್ಥೆಯಲ್ಲಿನ ಎರಡೂ ದೇಶಗಳ ರಾಯಭಾರಿಗಳು ಒಟ್ಟಿಗೆ ಕುಳಿತು ಆಟ ನೋಡಿದರು. ರಾಜಕಾರಣಿಗಳು ವರ್ಷಗಟ್ಟಲೆ ಮಾತಾಡಿ ಮಾಡಲಾಗದ್ದನ್ನು ಎರಡು ರ‍್ಯಾಕೆಟ್‌ಗಳು ಮಾಡಿದವು ಎಂದೆಲ್ಲ ಆಗ ಬರೆದರು. ಅದು ಸ್ವಲ್ಪ ಹೆಚ್ಚಾಯಿತು. ಆದರೆ ಇಬ್ಬರು ಒಳ್ಳೆಯ ಗೆಳೆಯರು, ಒಳ್ಳೆಯ ಜೋಡಿ ಎಂಬುದರಲ್ಲಿ ಎರಡು ಮಾತಿರಲಿಲ್ಲ.

2011ರ ನವೆಂಬರ್‌ನಲ್ಲಿ ಈ ಜೋಡಿ ಬೆರ್ಸಿಯ ಫೈನಲ್‌ಗೆ ಬಂತು. ಎದುರಿಗೆ ಫ್ರಾನ್ಸ್‌ನವರೇ ಆದ ಜೂಲಿಯನ್ ಬೆನೆಟೊ ಮತ್ತು ನಿಕೊಲಾ ಮಹು. ಸೂರಿನಡಿ ಕೂಗು ಹೊರಗೆ ಹೋಗುವುದಿಲ್ಲ, ಅಲ್ಲೇ ಸುತ್ತುತ್ತದೆ. ಊರಿನ ಜನವೆಲ್ಲ ಎದುರಾಳಿಗಳ ಕಡೆ ಇದ್ದಾಗ ಅದನ್ನು ಸಹಿಸಿ ಆಡಬೇಕು. 6-2, 6-4. ಬೋಪಣ್ಣ-ಖುರೇಷಿ ಜೋಡಿಯ ಮೊದಲ ಮಾಸ್ಟರ್ಸ್ ಪ್ರಶಸ್ತಿ ಅದು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಗಾಡಿ ಮುಂದಿನ ವರ್ಷವೇ ಬೇರೆಯಾಯಿತು. ಕಾರಣ ಜಗಳವಲ್ಲ, ಒಲಿಂಪಿಕ್ಸ್. 2012 ಲಂಡನ್ ಒಲಿಂಪಿಕ್ಸ್‌ನ ವರ್ಷ. ಅಲ್ಲಿ ಒಂದು ದೇಶದ ಇಬ್ಬರೇ ಜೋಡಿಯಾಗಬೇಕು. ಪಾಕಿಸ್ತಾನದ ಗೆಳೆಯನ ಜೊತೆ ಆಡುವಂತಿಲ್ಲ. ಬೋಪಣ್ಣ ಮಹೇಶ್ ಭೂಪತಿ ಜೊತೆ ಸೇರಿದರು. ಖುರೇಷಿ ನೆದರ್‌ಲೆಂಡ್ಸ್‌ನ ಜಾನ್ ಜೂಲಿಯನ್ ರೋಯರ್ ಜೊತೆ ಹೋದರು. ಭೂಪತಿಗೆ ಬೆರ್ಸಿ ಹೊಸದಾಗಿರಲಿಲ್ಲ. 1998ರಲ್ಲಿ ಲಿಯಾಂಡರ್ ಪೇಸ್ ಜೊತೆ ಅಲ್ಲಿ ಗೆದ್ದಿದ್ದರು.

ಆಮೇಲೆ ನಡೆದ ರಾದ್ಧಾಂತ ಓದುಗರಿಗೆ ನೆನಪಿರಬಹುದು. ಅಖಿಲ ಭಾರತ ಟೆನಿಸ್ ಸಂಸ್ಥೆಗೆ ಪೇಸ್-ಭೂಪತಿ ಜೋಡಿ ಬೇಕಿತ್ತು. ಭೂಪತಿ ಒಲ್ಲೆ ಎಂದರು. ಹಾಗಾದರೆ ಪೇಸ್ ಜೊತೆ ಬೋಪಣ್ಣ ಆಡಲಿ ಎಂದರೆ ಬೋಪಣ್ಣ ಕೂಡ ಒಲ್ಲೆ ಎಂದರು. ವರ್ಷವಿಡೀ ಜೊತೆಗೆ ಆಡಿ ಹೊಂದಿಕೊಂಡವರನ್ನು ಕಡೆಯ ಗಳಿಗೆಯಲ್ಲಿ ಬಿಡಿಸುವುದು ಸರಿಯಲ್ಲ ಎಂಬುದು ಅವರ ವಾದ. ಕೊನೆಗೆ ಸಂಸ್ಥೆ ಎರಡು ಜೋಡಿಗಳನ್ನು ಕಳಿಸಿತು: ಪೇಸ್ ಜೊತೆ ವಿಷ್ಣುವರ್ಧನ್, ಭೂಪತಿ ಜೊತೆ ಬೋಪಣ್ಣ. ಅಷ್ಟೆಲ್ಲ ಹಟ ಮಾಡಿ ಹೋದ ಭೂಪತಿ-ಬೋಪಣ್ಣ ಎರಡನೆಯ ಸುತ್ತಿನಲ್ಲೇ ಸೋತರು. ಸೋಲಿಸಿದವರಲ್ಲಿ ಒಬ್ಬರು, ಹಿಂದಿನ ವರ್ಷ ಬೆರ್ಸಿಯಲ್ಲಿ ಸೋತಿದ್ದ ಅದೇ ಬೆನೆಟೊ. ಸೆಪ್ಟೆಂಬರ್‌ನಲ್ಲಿ ಸಂಸ್ಥೆ ಇಬ್ಬರನ್ನೂ 2014ರ ಜೂನ್‌ವರೆಗೆ ದೇಶದ ತಂಡಕ್ಕೆ ಪರಿಗಣಿಸುವುದಿಲ್ಲ ಎಂದಿತು. ಇಬ್ಬರೂ ಕರ್ನಾಟಕ ಹೈಕೋರ್ಟ್ ಮೆಟ್ಟಿಲೇರಿ ತಡೆ ತಂದರು. ಯಾರು ಸರಿ, ಯಾರು ತಪ್ಪು? ಪದಕ ಬಂದಿದ್ದರೆ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ಹೊಂದಿಕೊಂಡ ಜೋಡಿಯನ್ನು ಒಡೆಯಬಾರದು ಎಂಬ ವಾದಕ್ಕೆ ಆಧಾರ ಬೇಕಿದ್ದರೆ ಅದನ್ನು ಅಂಕಣದಲ್ಲೇ ತೋರಿಸಬೇಕಿತ್ತು. ಅದಕ್ಕೆ ಉಳಿದಿದ್ದದ್ದು ವರ್ಷದ ಕೊನೆಯ ಕೆಲವು ವಾರಗಳು.

2012ರ ನವೆಂಬರ್ 4, ಮತ್ತೆ ಬೆರ್ಸಿ, ಮತ್ತೆ ಫೈನಲ್. ಹಿಂದಿನ ವರ್ಷ ಒಂದೇ ಕಡೆ ನಿಂತಿದ್ದ ಬೋಪಣ್ಣ ಮತ್ತು ಖುರೇಷಿ ಈ ಸಲ ನೆಟ್‌ನ ಆಚೆ ಈಚೆ. ಇಬ್ಬರೂ ಹಿಂದಿನ ವರ್ಷದ ವಿಜೇತರೇ, ಇಬ್ಬರಿಗೂ ಉಳಿಸಿಕೊಳ್ಳಬೇಕಾದದ್ದು ಅದೇ ಪ್ರಶಸ್ತಿಯೇ. ಡಬಲ್ಸ್‌ನಲ್ಲಿ ಇಂಥ ಪರೀಕ್ಷೆ ಆಗಾಗ ಬರುತ್ತದೆ. ಹಳೆಯ ಜೊತೆಗಾರನಿಗೆ ನಿಮ್ಮ ಸರ್ವ್ ಒತ್ತಡ ಬಂದಾಗ ಯಾವ ಕಡೆ ವಾಲುತ್ತದೆ, ಬ್ಯಾಕ್‌ಹ್ಯಾಂಡ್ ಯಾವ ಎತ್ತರದಲ್ಲಿ ಸೊರಗುತ್ತದೆ, ನೆಟ್ ಬಳಿ ಯಾವಾಗ ಅಡ್ಡ ಹಾಯುತ್ತೀರಿ ಎಂಬುದೆಲ್ಲ ಗೊತ್ತು. ನಿಮಗೂ ಅವನದೆಲ್ಲ ಗೊತ್ತು. ಗೊತ್ತಿರುವುದು ಇಬ್ಬರಿಗೂ ಸಮವಾದಾಗ ಉಳಿಯುವುದು ಕೈಚಳಕ ಮತ್ತು ಎದೆಗಾರಿಕೆ.

ಮೊದಲ ಸೆಟ್ ನಿರೀಕ್ಷೆಯಂತೆ ಟೈಬ್ರೇಕರ್‌ಗೆ ಹೋಯಿತು. ಅದರಲ್ಲೂ 6-6. ಅಲ್ಲಿಂದ ಎರಡು ಪಾಯಿಂಟ್ ಕಿತ್ತುಕೊಂಡವರು ಭೂಪತಿ-ಬೋಪಣ್ಣ. ಎರಡನೆಯ ಸೆಟ್ 6-3. ಆಗ ಭೂಪತಿಗೆ ವಯಸ್ಸು 38. ಒಲಿಂಪಿಕ್ಸ್‌ನಲ್ಲಿ ಆಗದ್ದು ಬೆರ್ಸಿಯ ಸೂರಿನಡಿ ಆಯಿತು. ಒಲಿಂಪಿಕ್ ಪದಕಕ್ಕೆ ಅದು ಸಮವೇ? ಅಲ್ಲ. ಆದರೆ ತಮ್ಮ ಜೋಡಿಯ ಬಗ್ಗೆ ಅವರು ಹೇಳಿಕೊಂಡದ್ದು ಬಾಯಿಮಾತಲ್ಲ ಎಂದು ತೋರಿಸಲು ಸಾಕಾಗುವಷ್ಟಿತ್ತು. ಅದರ ಮುಂದಿನ ವಾರ ಲಂಡನ್‌ನ ಒಳಾಂಗಣದಲ್ಲಿ ನಡೆದ ವರ್ಷಾಂತ್ಯದ ಫೈನಲ್ಸ್‌ನಲ್ಲಿ ಇದೇ ಜೋಡಿ ಅಂತಿಮ ಪಂದ್ಯದವರೆಗೂ ಹೋಗಿ, ಸ್ಪೇನ್‌ನ ಗ್ರಾನೊಲ್ಲರ್ಸ್-ಲೋಪೆಜ್ ಎದುರು ಕೊನೆಯ ಹತ್ತು ಪಾಯಿಂಟ್‌ಗಳ ಟೈಬ್ರೇಕರ್‌ನಲ್ಲಿ ಸೋತಿತು.

ಆ ಮೇಲಿನ ಹತ್ತು ವರ್ಷಗಳಲ್ಲಿ ಬೋಪಣ್ಣ ಜೊತೆಗಾರರನ್ನು ಬದಲಿಸಿದ ಪಟ್ಟಿ ದೊಡ್ಡದಿದೆ. 2013ರಲ್ಲಿ ಫ್ರಾನ್ಸ್‌ನ ಎಡುವಾರ್ ರೋಜರ್-ವಾಸೆಲಿನ್ ಜೊತೆ ಟೋಕಿಯೊ ಗೆದ್ದರು (ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು). 2014ರಲ್ಲಿ ಮತ್ತೆ ಖುರೇಷಿ ಜೊತೆ ಸೇರಿ ದುಬೈ ಗೆದ್ದರು. ರೊಮೇನಿಯಾದ ಮೆರ್ಜಿಯಾ, ಉರುಗ್ವೆಯ ಕುವಾಸ್, ಕೆನಡಾದ ಶಪೊವಲೊವ್ ಹೀಗೆ ಒಬ್ಬರಾದ ಮೇಲೊಬ್ಬರು. 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೊವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದದ್ದು ಅವರ ಮೊದಲ ಗ್ರ್ಯಾನ್ ಸ್ಲಾಮ್. 2022ರಲ್ಲಿ ರಾಮ್‌ಕುಮಾರ್ ರಾಮನಾಥನ್ ಜೊತೆ ಅಡಿಲೇಡ್ ಮತ್ತು ಪುಣೆ ಗೆದ್ದರು. ಆ ರಾಮ್‌ಕುಮಾರ್ ಅವರನ್ನು ನಮ್ಮ ಕಡೆಯವರು ಹತ್ತಿರದಿಂದ ನೋಡಿದ್ದಾರೆ. 2023ರಲ್ಲಿ ಕಲಬುರಗಿಯಲ್ಲಿ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆದಾಗ ಸಿಂಗಲ್ಸ್ ಗೆದ್ದವರು ಅವರೇ. ಬೋಪಣ್ಣರ ಜೊತೆ ದೊಡ್ಡ ಪಂದ್ಯಾವಳಿ ಗೆದ್ದ ಆಟಗಾರ ಕಲಬುರಗಿಯ ಬಯಲು ಅಂಕಣದಲ್ಲಿ, ಬಿಸಿಲಿನಲ್ಲಿ ಬೆವರು ಸುರಿಸಿದ ಎಂದರೆ, ಈ ವೃತ್ತಿಯ ಏಣಿಯಲ್ಲಿ ಮೇಲಿನ ಮೆಟ್ಟಿಲಿಗೂ ಕೆಳಗಿನದಕ್ಕೂ ಎಷ್ಟು ಕಡಿಮೆ ದೂರ ಎಂಬುದು ತಿಳಿಯುತ್ತದೆ.

ನಡುವೆ ಒಂದು ಕೆಟ್ಟ ಕಾಲವೂ ಬಂತು. 2021ರ ಮೊದಲ ತಿಂಗಳುಗಳಲ್ಲಿ ಬೋಪಣ್ಣ ಸೋಲಿನ ಮೇಲೆ ಸೋಲು ಕಂಡರು. ವಯಸ್ಸು 41. ಮೊಣಕಾಲುಗಳ ಮೃದ್ವಸ್ಥಿ ಸವೆದುಹೋಗಿತ್ತು. ಪೋರ್ಚುಗಲ್‌ನಲ್ಲಿ ಇನ್ನೊಂದು ಸೋಲಾದ ಮೇಲೆ ಸಮುದ್ರ ನೋಡುತ್ತ ಕುಳಿತು, ಇದನ್ನೆಲ್ಲ ಯಾಕೆ ಮಾಡುತ್ತಿದ್ದೇನೆ ಎಂದು ತಮ್ಮನ್ನೇ ಕೇಳಿಕೊಂಡದ್ದನ್ನು ಮುಂದೆ ಅವರೇ ಹೇಳಿದ್ದಾರೆ. ಇನ್ನು ಸಾಕು ಎಂದು ಪತ್ನಿಗೆ ಸಂದೇಶವನ್ನೂ ಕಳಿಸಿದ್ದರಂತೆ. ನಿಲ್ಲಲಿಲ್ಲ. ಅಯ್ಯಂಗಾರ್ ಯೋಗ ಹಿಡಿದರು. ಹಗ್ಗ, ಕುರ್ಚಿ, ದಿಂಬುಗಳ ಆಸರೆಯಲ್ಲಿ ಮಾಡುವ ಆ ಯೋಗ ಕಾಲುಗಳಿಗೆ ಮತ್ತೆ ಬಲ ಕೊಟ್ಟಿತು. ಡಬಲ್ಸ್ ಇಲ್ಲಿ ಅವರ ನೆರವಿಗೆ ಬಂತು ಎನ್ನಬೇಕು. ಅರ್ಧ ಅಂಕಣ ಕಾಯುವುದು, ನೆಟ್ ಬಳಿ ಕೈ ಚುರುಕು, ಗಟ್ಟಿ ಸರ್ವ್, ಇವಕ್ಕೆ ವಯಸ್ಸು ಬೇಗ ತಾಗುವುದಿಲ್ಲ.

2023ರಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡನ್ ಜೊತೆಗಾರರಾದರು. ಹಿರಿಯ ಎತ್ತಿಗೆ ತಕ್ಕ ಜೊತೆ ಕೊನೆಗೂ ಸಿಕ್ಕಿತು. ಆ ವರ್ಷ ಇಂಡಿಯನ್ ವೆಲ್ಸ್ ಗೆದ್ದಾಗ ಬೋಪಣ್ಣ ಮಾಸ್ಟರ್ಸ್ ಗೆದ್ದ ಅತಿ ಹಿರಿಯರಾದರು. ಅಮೆರಿಕ ಓಪನ್‌ನಲ್ಲಿ 13 ವರ್ಷಗಳ ಬಳಿಕ ಮತ್ತೆ ಫೈನಲ್. ಅಲ್ಲಿ ಒಂದು ಪಾಯಿಂಟ್ ಗೆದ್ದ ಮೇಲೆ, ಚೆಂಡು ತಮ್ಮ ತೋಳಿಗೆ ಸೋಕಿತ್ತು ಎಂದು ತಾವೇ ಹೇಳಿ ಅದನ್ನು ಬಿಟ್ಟುಕೊಟ್ಟರು. ಯಾರೂ ನೋಡಿರಲಿಲ್ಲ, ಯಾರೂ ಕೇಳಿರಲಿಲ್ಲ. ಫೈನಲ್ ಸೋತರು.

ಅದೇ ವರ್ಷದ ನವೆಂಬರ್ 5ರಂದು ಮತ್ತೆ ಬೆರ್ಸಿಯ ಫೈನಲ್. ಭೂಪತಿ ಜೊತೆ ಗೆದ್ದು 11 ವರ್ಷಗಳಾಗಿದ್ದವು. ನೆಟ್‌ನ ಆ ಕಡೆ ಮೆಕ್ಸಿಕೊದ ಸಾಂಟಿಯಾಗೊ ಗೊನ್ಸಾಲೆಸ್, ಅವರ ಪಕ್ಕದಲ್ಲಿ ಹಳೆಯ ಜೊತೆಗಾರ ರೋಜರ್-ವಾಸೆಲಿನ್! ಊರ ಹುಡುಗನ ಬೆನ್ನಿಗೆ ಊರೇ ನಿಂತಿತ್ತು. ಮೊದಲ ಸೆಟ್ 2-6 ಹೋಯಿತು. ಎರಡನೆಯದನ್ನು ಬೋಪಣ್ಣ-ಎಬ್ಡನ್ 7-5ರಿಂದ ಹಿಂದಕ್ಕೆ ತಂದರು. ಉಳಿದದ್ದು ಹತ್ತು ಪಾಯಿಂಟ್‌ಗಳ ಟೈಬ್ರೇಕರ್. 7-10. ಖುರೇಷಿ ವಿರುದ್ಧ ಯಾವ ಅಂಗಳದಲ್ಲಿ ಹಳೆಯ ಪರಿಚಯ ಅವರಿಗೆ ಗೆಲುವು ತಂದಿತ್ತೋ, ಅದೇ ಅಂಗಳದಲ್ಲಿ ಇನ್ನೊಬ್ಬ ಹಳೆಯ ಪರಿಚಯದವರು ಅದನ್ನು ಕಸಿದುಕೊಂಡರು. ಆ ಲೆಕ್ಕ ಅಲ್ಲಿಗೂ ಮುಗಿಯಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮೊದಲ ಸುತ್ತಿನಲ್ಲಿ ಬೋಪಣ್ಣ ಮತ್ತು ಶ್ರೀರಾಮ್ ಬಾಲಾಜಿ ಅವರನ್ನು ಸೋಲಿಸಿದ್ದು ಗೇಲ್ ಮಾನ್‌ಫಿಸ್ ಮತ್ತು ಇದೇ ರೋಜರ್-ವಾಸೆಲಿನ್. ದೇಶದ ಪರವಾಗಿ ಇದೇ ಕೊನೆ ಎಂದು ಬೋಪಣ್ಣ ಹೇಳಿದ್ದು ಆ ಸೋಲಿನ ಮೇಲೆ.

ಈ ಎರಡು ಸೋಲುಗಳ ನಡುವೆ ದೊಡ್ಡ ಗೆಲುವೂ ಇತ್ತು. 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಇಟಲಿಯ ಬೊಲೆಲ್ಲಿ-ವಾವಸ್ಸೊರಿ ಜೋಡಿಯನ್ನು 7-6, 7-5ರಿಂದ ಮಣಿಸಿ ಪುರುಷರ ಡಬಲ್ಸ್‌ನಲ್ಲಿ ಮೊದಲ ಗ್ರ್ಯಾನ್ ಸ್ಲಾಮ್ ಗೆದ್ದರು. ಮೊದಲ ಸೆಟ್‌ನ ಟೈಬ್ರೇಕರ್‌ನಲ್ಲಿ ಎದುರಾಳಿಗಳಿಗೆ ಒಂದು ಪಾಯಿಂಟ್ ಕೂಡ ಸಿಗಲಿಲ್ಲ. 43ನೆಯ ವಯಸ್ಸಿನಲ್ಲಿ ಡಬಲ್ಸ್‌ನ ಜಗತ್ತಿನ ಒಂದನೇ ರ‍್ಯಾಂಕ್ ಬಂತು. ಅಷ್ಟು ವಯಸ್ಸಿನಲ್ಲಿ ಮೊದಲ ಸಲ ಆ ಸ್ಥಾನಕ್ಕೆ ಏರಿದವರು ಬೇರೆ ಯಾರೂ ಇಲ್ಲ. ಅದೇ ವರ್ಷ ಪದ್ಮಶ್ರೀ ಕೂಡ ಬಂತು. ಈ ಭಾಗವನ್ನು ಪತ್ರಿಕೆಗಳು ಆಗಲೇ ಬೇಕಾದಷ್ಟು ಬರೆದಿವೆ. ವರ್ಷದ ಕೊನೆಗೆ ಎಬ್ಡನ್ ಜೊತೆಗಿನ ಜೋಡಿಯೂ ಮುಗಿಯಿತು.

2025ಕ್ಕೆ ಪ್ಯಾರಿಸ್ ಮಾಸ್ಟರ್ಸ್ ಬೆರ್ಸಿ ಬಿಟ್ಟು ನಾಂತೇರ್‌ನ ಲಾ ಡಿಫಾನ್ಸ್ ಅರೀನಾಗೆ ಸ್ಥಳಾಂತರವಾಯಿತು. ರಗ್ಬಿ ಆಡಲೆಂದು ಕಟ್ಟಿದ, 2024ರ ಒಲಿಂಪಿಕ್ಸ್‌ನಲ್ಲಿ ಈಜುಕೊಳವಾಗಿದ್ದ ದೊಡ್ಡ ಕಟ್ಟಡ ಅದು. ಪಂದ್ಯಾವಳಿ ಹಳೆಯದೇ, ಸೂರು ಮಾತ್ರ ಹೊಸದು. ಬೋಪಣ್ಣ ಜೊತೆ ಈ ಸಲ ನಿಂತವರು ಕಝಾಕ್‌ಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್. ಬೋಪಣ್ಣರಿಗಿಂತ 17 ವರ್ಷ ಚಿಕ್ಕವರು, ಸಿಂಗಲ್ಸ್‌ನಲ್ಲಿ ಹೆಸರಾದವರು. ಬೇಕೆಂದಾಗ ಅಂಡರ್‌ಆರ್ಮ್ ಸರ್ವ್ ಮಾಡಿ ಎದುರಾಳಿಯನ್ನೂ ಪ್ರೇಕ್ಷಕರನ್ನೂ ನಗಿಸಬಲ್ಲ ಆಸಾಮಿ. ಮೊದಲ ಸುತ್ತಿನಲ್ಲಿ ಎದುರಿಗಿದ್ದವರು ಆಸ್ಟ್ರೇಲಿಯಾದ ಜಾನ್ ಪಿಯರ್ಸ್, ಅಮೆರಿಕದ ಜೆ.ಜೆ. ಟ್ರೇಸಿ.

ಮೊದಲ ಸೆಟ್ 5-7. ಎರಡನೆಯದು 6-2, ಬೋಪಣ್ಣ-ಬುಬ್ಲಿಕ್ ಕಡೆಗೆ. ಮತ್ತೆ ಅದೇ ಹತ್ತು ಪಾಯಿಂಟ್‌ಗಳ ಟೈಬ್ರೇಕರ್. 8-10ರಿಂದ ಸೋತರು.

ಅದಾದ ಕೆಲವೇ ದಿನಗಳಿಗೆ, ಕರ್ನಾಟಕದ ತುಂಬ ಕೆಂಪು-ಹಳದಿ ಬಾವುಟ ಏರಿದ್ದ ನವೆಂಬರ್ 1ರಂದು, ವೃತ್ತಿ ಟೆನಿಸ್‌ನಿಂದ ನಿವೃತ್ತಿಯಾಗುತ್ತಿರುವುದಾಗಿ ಅವರು ಪ್ರಕಟಿಸಿದರು. ಆ ಪ್ರಕಟಣೆಯಲ್ಲಿ ಸೌದೆ ಒಡೆದ ಮಾತಿತ್ತು, ಕಾಫಿ ತೋಟದ ಓಟದ ಮಾತಿತ್ತು. ಒಳಾಂಗಣದ್ದು, ಬಯಲಿನದು ಎಲ್ಲ ಸೇರಿ ಅವರು ಗೆದ್ದ ಎಟಿಪಿ ಡಬಲ್ಸ್ ಪ್ರಶಸ್ತಿಗಳು 26. ಬೆರ್ಸಿಯ ಎರಡು ಕಪ್‌ಗಳು ಆ ಲೆಕ್ಕದೊಳಗೇ ಇವೆ: ಒಂದು ಖುರೇಷಿ ಜೊತೆ ಗೆದ್ದದ್ದು, ಇನ್ನೊಂದು ಖುರೇಷಿಯನ್ನು ಗೆದ್ದದ್ದು.